ಸದ್ದು ತೆಗೆದು ನೋಡಿದ ವಿಡಿಯೋ

ನಮ್ಮ ಮನೆಯಲ್ಲಿ ಹಗಲು ಹೊತ್ತು ಸದ್ದು ಮಾಡಿದವರಿಗೆ ಊಟವಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ತಮಾಷೆಗಲ್ಲ. ಅಣ್ಣನದು ರಾತ್ರಿ ಪಾಳಿ. ಊರಿನ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕದಲ್ಲಿ ಅವನು ಪಂಪು ನೋಡಿಕೊಳ್ಳುತ್ತಾನೆ, ಜಾಲರಿಗೆ ಸಿಕ್ಕಿಕೊಂಡ ಕಸ ಎಳೆದು ಹಾಕುತ್ತಾನೆ. ಬೆಳಗ್ಗೆ ಬಂದು ಮೈ ತೊಳೆದು, ಬ್ರೆಡ್ಡು ಮೊಟ್ಟೆ ತಿಂದು ಮಲಗಿದರೆ ಸಂಜೆಯವರೆಗೆ ಏಳುವುದಿಲ್ಲ. ಅಷ್ಟು ಹೊತ್ತೂ ನಾನು ಹೊಲಿಗೆ ಮಷಿನ್ನಿನ ಕಾಲ ಕೆಳಗೆ ಹಳೆ ಕಂಬಳಿ ಮಡಿಸಿಟ್ಟು, ಕಳ್ಳಿಯ ಹಾಗೆ ಪೆಡಲು ತುಳಿಯುತ್ತೇನೆ. ಅಮ್ಮ ಪಾತ್ರೆಗಳನ್ನು ಬಟ್ಟೆ ಹಾಸಿ ಅದರ ಮೇಲೆ ಕವುಚಿಡುತ್ತಾಳೆ. ಅವನು ಮಲಗುವ ಕೋಣೆಗೂ ಅಡುಗೆಮನೆಗೂ ನಡುವೆ ಇರುವುದು ಹಲಗೆಯ ಗೋಡೆ, ಚಮಚ ಬಿದ್ದರೂ ಅವನಿಗೆ ಎಚ್ಚರವಾಗುತ್ತದೆ.

ಅತ್ತಿಗೆ ಶಾಲೆಯಲ್ಲಿ ವಿಜ್ಞಾನದ ಟೀಚರು. ನನಗೂ ಅವಳಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಮಾತಿನಲ್ಲಿ ಮಾತ್ರ ನಮ್ಮಜ್ಜಿ. ನಾನು ಹೊಲಿದ ರವಿಕೆಯ ತೋಳು ಎಳೆದು ನೋಡಿ, ‘ಅರ್ಧ ಸೆಂಟಿಮೀಟರ್ ಹೆಚ್ಚಾಯ್ತೇನೋ’ ಅನ್ನುವ ಜಾತಿ. ಯಾರಾದರೂ ಗಂಡನ ಕೆಲಸ ಕೇಳಿದರೆ ‘ನೀರಿನ ಇಲಾಖೆ’ ಎಂದು ಚುಟುಕಾಗಿ ಹೇಳಿ ಬೇರೆ ಮಾತು ತೆಗೆಯುತ್ತಾಳೆ. ಮಗಳಿಗೂ ಅದನ್ನೇ ಕಲಿಸಿದ್ದಾಳೆ. ಮಗಳನ್ನು ನಾನು ಚೂಟಿ ಎಂದು ಕರೆಯುತ್ತೇನೆ. ಹದಿಮೂರು ವರ್ಷದ ಹುಡುಗಿ, ಅಮ್ಮನ ಶಾಲೆಯಲ್ಲೇ, ಅಮ್ಮನ ತರಗತಿಯಲ್ಲೇ ಕೂತು ಓದುತ್ತಾಳೆ.

ಅತ್ತಿಗೆಯ ಕೆಲಸ ಕಾಯಂ ಅಲ್ಲ. ಪ್ರತಿ ವರ್ಷ ಶಾಲೆಯ ದೊಡ್ಡ ಮೇಡಂ ಪಾಠ ನೋಡಿ, ತಲೆಯಾಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ವರ್ಷ ದೊಡ್ಡ ಮೇಡಂಗೆ ವಿಡಿಯೋ ಹುಚ್ಚು ಹಿಡಿದಿತ್ತು. ಪಾಠ ಅಂದರೆ ಪರದೆ ಮೇಲೆ ಕುಣಿಯಬೇಕು. ಅತ್ತಿಗೆಗೆ ಬಂದ ಪಾಠ, ನಾವು ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು. ಅವಳು ಮಧ್ಯಾಹ್ನ ಶಾಲೆಯಿಂದ ಬಂದು ಅಡುಗೆಮನೆಯ ನೆಲದಲ್ಲಿ ಕೂತು, ಆಲೂಗಡ್ಡೆ ಸಿಪ್ಪೆ ಹೆರೆಯುತ್ತ, ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಕೊಂಡು ವಿಡಿಯೋ ಹುಡುಕಿದಳು.

ಅವಳ ಕೆಲಸದಲ್ಲಿ ಓರೆಕೋರೆ ಇರುವುದಿಲ್ಲ, ಅದನ್ನು ಒಪ್ಪಲೇಬೇಕು. ನಡುವೆ ಜಾಹೀರಾತು ನುಗ್ಗಬಾರದು, ಮುಗಿದ ಮೇಲೆ ತಾನಾಗಿ ಇನ್ನೊಂದು ಶುರುವಾಗಬಾರದು, ಕೆಳಗೆ ಯಾರ್‍ಯಾರೋ ಬರೆದ ಹೊಲಸು ಮಾತು ಮಕ್ಕಳ ಕಣ್ಣಿಗೆ ಬೀಳಬಾರದು ಎಂದು ಅದನ್ನು ಇಳಿಸಿಕೊಂಡು ಬೇರೆಯಾಗಿ ಇಟ್ಟಳು. ಮೊದಲಿಂದ ಕೊನೆವರೆಗೆ ಮತ್ತೆ ಮತ್ತೆ ನೋಡಿದಳು. ಎಲ್ಲಿ ನಿಲ್ಲಿಸಿ ಏನು ಕೇಳಬೇಕು ಎಂದು ಗುರುತು ಹಾಕಿಕೊಂಡಳು. ಇಷ್ಟೆಲ್ಲ ಮಾಡಿದವಳು ಸದ್ದು ಮಾತ್ರ ಹಾಕಲಿಲ್ಲ. ಹಲಗೆಯಾಚೆ ಗಂಡ ಮಲಗಿದ್ದ. ಚಿತ್ರದ ಕೆಳಗೆ ತೊಟ್ಟಿಗಳ ಹೆಸರು ಬರುತ್ತಿತ್ತು, ಅಷ್ಟು ಸಾಕು ಎಂದುಕೊಂಡಳು.

ತರಗತಿಯಲ್ಲಿ ಏನಾಯಿತು ಎಂಬುದನ್ನು ನಾನು ಚೂಟಿಯ ಬಾಯಿಂದ ಕೇಳಿದ್ದು, ಆಮೇಲೆ ಅತ್ತಿಗೆಯ ಬಾಯಿಂದಲೂ. ಇಬ್ಬರ ಮಾತಿನಲ್ಲಿ ವ್ಯತ್ಯಾಸವಿರಲಿಲ್ಲ. ದೊಡ್ಡ ಮೇಡಂ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ವಿಡಿಯೋದಲ್ಲಿ ಒಬ್ಬ ಗಂಡಸಿನ ದನಿ, ಒಳ್ಳೆ ಉತ್ಸಾಹದ ದನಿ, ಪೈಪು ತೊಟ್ಟಿ ಎಲ್ಲ ವಿವರಿಸುತ್ತ ಬಂತು. ಮೊಣಕಾಲುದ್ದದ ಬೂಟು ಹಾಕಿಕೊಂಡ ಒಬ್ಬ ಕೆಲಸಗಾರ ಜಾಲರಿಯಿಂದ ಚಿಂದಿ ಎಳೆಯುವ ಚಿತ್ರ ಬಂದಾಗ ಆ ದನಿ ಹೇಳಿತಂತೆ: ‘ಅಬ್ಬಬ್ಬಾ, ಈತನ ಮೂಗು ಸತ್ತು ಎಷ್ಟು ವರ್ಷ ಆಯ್ತೋ! ಮಕ್ಕಳೇ, ಹೋಂವರ್ಕ್ ಮಾಡದಿದ್ದರೆ ನಿಮಗೂ ಇಂಥದೇ ಬೂಟು ಕಾದಿದೆ.’ ಜೊತೆಗೊಂದು ಹೂಸಿನ ಸದ್ದು.

ತರಗತಿ ಬಿದ್ದು ಬಿದ್ದು ನಕ್ಕಿತು. ಹುಡುಗರು ಮೂಗು ಹಿಡಿದು ಕುಣಿದರು. ಅತ್ತಿಗೆ ದಿಗಿಲುಬಿದ್ದು ಹಿಂದಿನ ಬೆಂಚಿನ ಕಡೆ ನೋಡಿದಳು. ದೊಡ್ಡ ಮೇಡಂ ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ಅತ್ತಿಗೆಯೂ ನಕ್ಕಳು. ವಿಡಿಯೋ ಕೊನೆವರೆಗೆ ಓಡಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಎರಡನೇ ಸಾಲಿನಲ್ಲಿ ಕೂತ ಚೂಟಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

ಅಂದು ಸಂಜೆ ಊಟಕ್ಕೆ ಎಲ್ಲರೂ ಕೂತಿದ್ದೆವು. ಅಣ್ಣ ಎದ್ದು ಪಾಳಿಗೆ ಹೊರಡುವ ಮುಂಚಿನ ಊಟ ಅದು, ನಾವೆಲ್ಲ ಒಟ್ಟಿಗೆ ಮಾತಾಡಿಕೊಂಡು ತಿನ್ನುವುದು ಅದೊಂದನ್ನೇ. ಚೂಟಿ ತಟ್ಟೆ ಮುಂದೆ ತಳ್ಳಿ ಹೇಳಿದಳು:

“ಟೀಚರ್, ಸ್ವಲ್ಪ ಉಪ್ಪು ಕೊಡಿ.”

ಅಣ್ಣ ನಕ್ಕ, ಮಗಳು ಆಟವಾಡುತ್ತಿದ್ದಾಳೆ ಎಂದುಕೊಂಡ. ಅತ್ತಿಗೆ ಮಗಳ ಮುಖ ನೋಡದೆ ಉಪ್ಪಿನ ಬಟ್ಟಲು ಸರಿಸಿದಳು. ಆಗ ನನಗೆ ಏನೋ ಇದೆ ಎನಿಸಿತು. ಕೆದಕಿದವಳು ನಾನೇ. ಚೂಟಿ ಒಂದೊಂದಾಗಿ ಎಲ್ಲ ಹೇಳಿದಳು, ಆ ಸದ್ದನ್ನೂ ಬಿಡದೆ. ಅಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು.

“ನನಗೆ ಗೊತ್ತಿರಲಿಲ್ಲ ಕಣ್ರಿ,” ಎಂದಳು ಅತ್ತಿಗೆ. “ನೀವು ಮಲಗಿದ್ರಿ ಅಂತಾನೇ ಸೌಂಡ್ ತೆಗೆದು ನೋಡಿದ್ದು.”

“ಸರಿ. ಕ್ಲಾಸಲ್ಲಿ ನಾನು ಮಲಗಿರಲಿಲ್ಲವಲ್ಲ. ಅಲ್ಲಿ ಕೇಳಿಸ್ತಲ್ಲ?”

“ಮೇಡಂ ಕೂತಿದ್ರು. ನಿಲ್ಲಿಸಿದ್ರೆ ಪಾಠ ಕೆಟ್ಟು ಹೋಗ್ತಿತ್ತು.”

“ನಿಲ್ಲಿಸೋದು ಬಿಡು. ನಕ್ಕೆಯಾ?”

ಅಮ್ಮನಿಗೆ ತಡೆಯಲಾಗಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ನಮ್ಮನೇಲಿ ಕೆಸರು ಒಬ್ಬನಿಗೆ, ಮೊಸರು ಇನ್ನೊಬ್ಬರಿಗೆ ಎಂದಳು. ಅತ್ತಿಗೆಯ ಟೀಚರ್ ಟ್ರೈನಿಂಗ್ ಯಾರ ದುಡಿಮೆಯಲ್ಲಿ ಆಯಿತು, ಹೊಳೆ ದಾಟಿದ ಮೇಲೆ ಅಂಬಿಗ ನಾರುತ್ತಾನಾ ಎಂದೂ ಕೇಳಿದಳು. ನಾನು ಬೇಕಂತಲೇ ಅಮ್ಮನನ್ನು ತಡೆಯಲಿಲ್ಲ. ಅತ್ತಿಗೆ ಅಷ್ಟೇ ಬಿರುಸಾಗಿ ತಿರುಗಿಬಿದ್ದಳು. ಈ ಮನೆಯಲ್ಲಿ ಕೆಮ್ಮಬೇಕಾದರೂ ಹಿತ್ತಿಲಿಗೆ ಹೋಗಬೇಕು, ಒಂದು ವಿಡಿಯೋ ಕೇಳುವಷ್ಟು ಜಾಗ ನನಗಿಲ್ಲ, ತಪ್ಪು ಮಾತ್ರ ನನ್ನೊಬ್ಬಳದು ಎಂದಳು. ಅಣ್ಣ ಕೈ ತೊಳೆದುಕೊಂಡು ಹೊರಟುಹೋದ. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

ಮರುದಿನ ಬೆಳಗ್ಗೆ ಅವನು ಬಂದವನು, ಹಿತ್ತಿಲ ಕಟ್ಟೆಯ ಮೇಲೆ ಬಿಡುತ್ತಿದ್ದ ಬೂಟನ್ನು ಒಳಗೆ ತಂದ. ಮುಂಬಾಗಿಲ ಬಳಿ, ಅತ್ತಿಗೆಯ ಶಾಲೆಯ ಚಪ್ಪಲಿಯ ಪಕ್ಕದಲ್ಲೇ ಇಟ್ಟ. ಆಮೇಲೆ ನಮ್ಮನ್ನೆಲ್ಲ ಕರೆದು ಕಡ್ಡಿ ಮುರಿದಂತೆ ಹೇಳಿದ: ಇನ್ನು ಮೇಲೆ ಹಗಲೆಲ್ಲ ಎಷ್ಟು ಬೇಕೋ ಅಷ್ಟು ಸದ್ದು ಮಾಡಿ, ನನ್ನ ನಿದ್ದೆಯ ನೆಪ ಯಾರಿಗೂ ಬೇಡ. ಮಷಿನ್ನಿನ ಕೆಳಗಿನ ಕಂಬಳಿಯನ್ನು ಅವನೇ ಎಳೆದು ತೆಗೆದ.

ದೇವರಾಣೆ ಹೇಳುತ್ತೇನೆ, ಆ ಸದ್ದಿಗಿಂತ ಹಳೆಯ ಮೌನ ಎಷ್ಟೋ ವಾಸಿ. ಮಷಿನ್ನು ಕಟಕಟ ಎನ್ನುತ್ತಿದ್ದರೆ ಅವನು ಒಳಗೆ ಹೊರಳಾಡುವುದು ಮಂಚದ ಕಿರಕಿರದಲ್ಲೇ ಗೊತ್ತಾಗುತ್ತಿತ್ತು. ನಾನು ನಿಲ್ಲಿಸಿದರೆ, ‘ಯಾಕೆ ನಿಲ್ಲಿಸಿದೆ, ಹೊಲಿ’ ಎಂದು ಒಳಗಿನಿಂದಲೇ ಕೂಗುತ್ತಿದ್ದ. ಅವನ ಕಣ್ಣು ಕೆಂಪಾಗಿ ಊದಿಕೊಂಡವು. ಊಟದ ಹೊತ್ತಿಗೆ ಹಸಿವಿಲ್ಲ ಎಂದು ಹೊರಗೆ ಹೋಗಿ, ಘಟಕದ ಕ್ಯಾಂಟೀನಿನಲ್ಲಿ ಬನ್ನು ತಿನ್ನುತ್ತಿದ್ದ. ಅಮ್ಮ ಆ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಂಡಳು. ಚೂಟಿ ತನ್ನ ಅಮ್ಮನನ್ನು ‘ಟೀಚರ್’ ಎಂದೇ ಕರೆಯುತ್ತ, ಅವಳು ಜಡೆ ಹಾಕಲು ಬಂದರೆ ತಲೆ ತಪ್ಪಿಸಿ ನನ್ನ ಹತ್ತಿರ ಬಂದು ಕೂರುತ್ತಿದ್ದಳು. ನನಗೆ ಒಳಗೊಳಗೇ ಹಿಗ್ಗಾಗುತ್ತಿತ್ತು.

ಹೀಗೆ ಎರಡು ವಾರ ಕಳೆಯುವಷ್ಟರಲ್ಲಿ ದೊಡ್ಡ ಮೇಡಂ ಹೊಸದೊಂದು ತಂದಿಟ್ಟರು. ಸುತ್ತಲಿನ ಶಾಲೆಗಳ ಟೀಚರುಗಳಿಗೆಲ್ಲ ಅತ್ತಿಗೆಯ ಶಾಲೆಯಲ್ಲಿ ಒಂದು ತರಬೇತಿ. ತರಗತಿಯಲ್ಲಿ ಆನ್‌ಲೈನ್ ವಿಡಿಯೋಗಳನ್ನು ಚೆನ್ನಾಗಿ, ಸುರಕ್ಷಿತವಾಗಿ ಬಳಸುವುದು ಹೇಗೆ ಎಂದು ಕಲಿಸುವುದು. ಮಾದರಿ ಪಾಠ ಮಾಡುವವಳು ಅತ್ತಿಗೆ. ಅದೇ ಮಕ್ಕಳು, ಅದೇ ವಿಡಿಯೋ. ಅದು ಸುಗಮವಾಗಿ ಆದರೆ ಮುಂದಿನ ವರ್ಷದಿಂದ ಕೆಲಸ ಕಾಯಂ ಎಂದು ಮೇಡಂ ಬಾಯಿಬಿಟ್ಟು ಹೇಳಿದ್ದರು. ಬೇರೆ ವಿಡಿಯೋ ತರಲಾ ಎಂದು ಅತ್ತಿಗೆ ಕೇಳಿದ್ದಳಂತೆ. ಮಕ್ಕಳು ಅಷ್ಟು ನಕ್ಕರಲ್ಲ, ಪಾಠ ಹತ್ತಿತು ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ ಎಂದು ಮೇಡಂ ಅವಳ ಬೆನ್ನು ತಟ್ಟಿ ಕಳಿಸಿದರಂತೆ. ಸಭಾಂಗಣ ಕತ್ತಲಾಗಬೇಕು, ಕಿಟಕಿಗಳಿಗೆಲ್ಲ ಕಪ್ಪು ಪರದೆ ಬೇಕು ಎಂದು ಆ ಹೊಲಿಗೆ ನನ್ನ ಪಾಲಿಗೇ ಬಂತು.

ಅತ್ತಿಗೆ ಇದನ್ನು ಅಡುಗೆಮನೆಯಲ್ಲಿ ನಿಂತು ಹೇಳಿದಳು. ಅಣ್ಣ ಬಾಗಿಲಿಗೆ ಒರಗಿ ಚಹಾ ಕುಡಿಯುತ್ತಿದ್ದ.

“ಸೌಂಡ್ ಪೂರ್ತಿ ತೆಗೀತೀನಿ. ಚಿತ್ರ ಮಾತ್ರ ಓಡತ್ತೆ. ಮಾತೆಲ್ಲ ನಾನೇ ಆಡ್ತೀನಿ,” ಎಂದಳು.

“ಬೂಟಿನವರು ಬಂದಾಗ ಏನು ಹೇಳ್ತೀರಾ, ಟೀಚರ್?” ಚೂಟಿ ಕೇಳಿದಳು.

“ಜಾಲರಿ ಕಸ ತಡೆಯತ್ತೆ, ನೀರು ಮುಂದಿನ ತೊಟ್ಟಿಗೆ ಹೋಗತ್ತೆ ಅಂತ.”

“ಅಂದ್ರೆ ಅಲ್ಲಿ ಮನುಷ್ಯರೇ ಇಲ್ಲ ಅನ್ನೋ ಹಾಗೆ.”

“ಮತ್ತೇನು ಹೇಳಲಿ? ನಿಮ್ಮಪ್ಪ ಅಂತ ಹೇಳಲಾ? ನಾಳೆಯೂ ಆ ಶಾಲೇಲೇ ಓದಬೇಕಾದವಳು ನೀನು.”

“ನನ್ನ ಹೆಸರು ಹೇಳಿ ನೀವು ಬಚಾವಾಗಬೇಡಿ.”

ಅತ್ತಿಗೆ ಕೈ ಎತ್ತಿದಳು. ಹೊಡೆಯಲಿಲ್ಲ. ಆ ದಿನ ನಾನು ಹೋಗಲ್ಲ, ಜ್ವರ ಅಂತ ಹೇಳಿ ಮಲಗಿಬಿಡ್ತೀನಿ ಎಂದು ಚೂಟಿ ಹಟ ಹಿಡಿದಳು. ಅಣ್ಣ ಮೊದಲ ಸಲ ಬಾಯಿ ತೆರೆದ. “ಹೋಗು. ನೀನು ಯಾರ ಮನೇದೂ ಕದ್ದಿಲ್ಲ,” ಎಂದ. ಅತ್ತಿಗೆಗೆ ಹೂಂ ಎಂದೂ ಹೇಳಲಿಲ್ಲ, ಉಹೂಂ ಎಂದೂ ಹೇಳಲಿಲ್ಲ, ಲೋಟ ತೊಳೆದಿಟ್ಟು ಹೊರಟ.

ಆಮೇಲೆ ದಿನಾ ಅತ್ತಿಗೆ ಒಲೆಯ ಮುಂದೆ ನಿಂತು ಪಾಠ ಹೇಳಿಕೊಳ್ಳುತ್ತಿದ್ದಳು. ಗಂಜಿ ಕಲಕುತ್ತ, ನೀರು ಹೇಗೆ ಬರುತ್ತದೆ, ಮರಳು ಎಲ್ಲಿ ಕೂರುತ್ತದೆ, ಗಾಳಿ ಯಾಕೆ ಹಾಯಿಸುತ್ತಾರೆ ಎಂದು. ಚೆನ್ನಾಗಿಯೇ ಹೇಳುತ್ತಿದ್ದಳು, ಹಾಳಾದವಳು. ಪರದೆಯ ಅಂಚು ಮಡಿಚುತ್ತ ಕೂತಿದ್ದ ನನಗೂ ಪಾಠ ಬಾಯಿಪಾಠವಾಯಿತು. ಆದರೆ ಜಾಲರಿ ಬಂದ ಕೂಡಲೇ ಅವಳ ದನಿ ಓಡುತ್ತಿತ್ತು, ಕಸ ತಾನಾಗಿ ಎದ್ದು ಬಂದು ಬುಟ್ಟಿಯಲ್ಲಿ ಕೂರುತ್ತದೆ ಎಂಬಂತೆ. ಕತ್ತರಿ ಕೈಯಲ್ಲಿದ್ದಾಗ ಇಂಥದನ್ನೆಲ್ಲ ಕೇಳಬಾರದು. ಒಂದು ಪರದೆಯನ್ನು ಗಿಡ್ಡ ಕತ್ತರಿಸಿಬಿಟ್ಟೆ.

ತರಬೇತಿಯ ದಿನ ಪರದೆಗಳನ್ನು ನೇತುಹಾಕಲು ನಾನೇ ಹೋಗಿದ್ದೆ. ಗಿಡ್ಡ ಪರದೆಯಿಂದ ಬೆಳಕು ನುಸುಳುತ್ತಿತ್ತು, ಅದನ್ನು ಕೈಯಲ್ಲಿ ಎಳೆದು ಹಿಡಿದುಕೊಂಡು ಗೋಡೆಗೆ ಅಂಟಿ ನಿಂತೆ. ಹೀಗಾಗಿ ಯಾರೂ ನನ್ನನ್ನು ಹೊರಗೆ ಕಳಿಸಲಿಲ್ಲ. ಮುಂದೆ ಮಕ್ಕಳು, ಹಿಂದೆ ಹಾಲ್ ತುಂಬ ಟೀಚರುಗಳು, ಕೊರಳಲ್ಲಿ ಬಿಲ್ಲೆ ನೇತುಹಾಕಿಕೊಂಡವರು. ಮೇಲಿನ ಕಚೇರಿಯಿಂದ ಬಂದ ಅಧಿಕಾರಿಯೊಬ್ಬ ದೊಡ್ಡ ಮೇಡಂ ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಚೂಟಿ ಎರಡನೇ ಸಾಲಿನಲ್ಲೇ ಇದ್ದಳು.

ಅತ್ತಿಗೆ ಸದ್ದು ತೆಗೆದು ಚಿತ್ರ ಓಡಿಸಿದಳು. ನಿಲ್ಲಿಸಿದಳು, ಕೇಳಿದಳು. ಮಕ್ಕಳು ಕೈ ಎತ್ತಿದರು, ತಪ್ಪು ಹೇಳಿದವರಿಗೆ ಅದೇ ಚಿತ್ರವನ್ನು ಮತ್ತೆ ತೋರಿಸಿದಳು. ವಿಡಿಯೋವನ್ನು ಹೇಗೆ ಮೊದಲೇ ಇಳಿಸಿಟ್ಟುಕೊಳ್ಳಬೇಕು, ಹೇಗೆ ತುಂಡು ತುಂಡಾಗಿ ತೋರಿಸಬೇಕು ಎಂದು ದೊಡ್ಡವರಿಗೂ ಹೇಳಿದಳು. ಬೂಟಿನವನು ಬಂದ, ಹೋದ, ಅವಳ ದನಿ ಅಲ್ಲಿ ಓಡಿತು. ಚೂಟಿ ತಲೆ ತಗ್ಗಿಸಿ ಬೆಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತಿಗೆಯ ಕೆಲಸ ಕಾಯಂ ಆದ ಹಾಗೇ ಎಂದು ನಾನು ಪರದೆ ಬಿಡಲು ಹೊರಟಿದ್ದೆ.

ಆಗ ಆ ಅಧಿಕಾರಿ ಕೈ ಎತ್ತಿದ. ಇದರಲ್ಲಿ ಏನೋ ಒಳ್ಳೆ ತಮಾಷೆ ಇದೆ ಎಂದು ಮೇಡಂ ಹೇಳಿದ್ದರಲ್ಲ, ಅದನ್ನೇಕೆ ಕಿತ್ತಿರಿ, ಒಂದು ಸಲ ಸೌಂಡ್ ಹಾಕಿ ಕೇಳಿಸಿ ಎಂದ.

“ಅದು ಬೇಡ ಸರ್,” ಎಂದಳು ಅತ್ತಿಗೆ.

“ಹಾಕಿ, ಹಾಕಿ,” ಎಂದರು ದೊಡ್ಡ ಮೇಡಂ. “ಮಕ್ಕಳು ಅವತ್ತು ಹೇಗೆ ನಕ್ಕರು ಅಂತ ಇವರೂ ನೋಡಲಿ.”

ಅತ್ತಿಗೆ ಚೂಟಿಯ ಕಡೆ ನೋಡಿದಳು. ಆಮೇಲೆ ಹಿಂದಕ್ಕೆ ಸರಿಸಿ, ಸೌಂಡ್ ಹಾಕಿದಳು. ಆ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಮೂಗು, ಹೋಂವರ್ಕು, ಬೂಟು, ಆ ಸದ್ದು. ಹಾಲ್ ಪೂರ್ತಿ ನಕ್ಕಿತು. ಬಿಲ್ಲೆ ಹಾಕಿಕೊಂಡ ಒಬ್ಬ ತಲೆ ನರೆತವನು ಮೂಗು ಹಿಡಿದು ಪಕ್ಕದವನ ಹೆಗಲಿಗೆ ಬಿದ್ದ. ನನ್ನ ಮೈ ಉರಿದುಹೋಯಿತು. ಅತ್ತಿಗೆ ಚಿತ್ರವನ್ನು ಅಲ್ಲೇ ನಿಲ್ಲಿಸಿದಳು. ಚಿತ್ರದ ಪರದೆಯ ಮೇಲೆ ಬೂಟಿನವನು ಕಸ ಎಳೆಯುವ ಕೋಲು ಎತ್ತಿದ ಹಾಗೇ ನಿಂತ.

“ಈ ಕೆಲಸ ನನ್ನ ಗಂಡ ಮಾಡ್ತಾರೆ,” ಎಂದಳು. “ಹದಿನೈದು ವರ್ಷದಿಂದ. ನನ್ನ ಮಗಳು ಈ ತರಗತೀಲೇ ಕೂತಿದ್ದಾಳೆ. ಇದನ್ನ ನಾನು ಸೌಂಡ್ ಕೇಳದೇ ಕ್ಲಾಸಿಗೆ ತಂದೆ, ಅದು ಒಂದು ತಪ್ಪು. ಕೇಳಿದ ಮೇಲೂ ನಿಲ್ಲಿಸಲಿಲ್ಲ, ನಿಮ್ಮ ಹಾಗೇ ನಕ್ಕೆ. ಸುರಕ್ಷಿತ ಅಂದ್ರೆ ಏನು ಅಂತ ಕಲಿಯೋಕೆ ಬಂದಿದ್ದೀರಲ್ಲ, ನಗೋಕೆ ಮುಂಚೆ ಬೆಂಚಲ್ಲಿ ಯಾರು ಕೂತಿದ್ದಾರೆ ಅಂತ ನೋಡಿ.”

ತಲೆ ನರೆತವನು ಮೂಗಿನಿಂದ ಕೈ ಕೆಳಗಿಳಿಸಿದ. ನಾನು ಎಳೆದು ಹಿಡಿದಿದ್ದ ಪರದೆ ಕೈಜಾರಿ, ಬಿಸಿಲು ಒಳಗೆ ನುಗ್ಗಿತು. ಮಕ್ಕಳ ತಲೆಗಳೆಲ್ಲ ಚೂಟಿಯ ಕಡೆ ತಿರುಗಿದ್ದವು. ಅವಳು ಈಗ ಬೆಂಚು ಕೆರೆಯುತ್ತಿರಲಿಲ್ಲ, ಅಮ್ಮನನ್ನು ನೋಡುತ್ತಿದ್ದಳು. ದೊಡ್ಡ ಮೇಡಂ ಎದ್ದು, ಚಹಾ ತಯಾರಿದೆ ಎಂದರು. ಅತ್ತಿಗೆಯ ಪಕ್ಕ ಹಾದುಹೋಗುವಾಗ, ಮುಂದಿನ ವರ್ಷದ ಪಟ್ಟಿ ಇನ್ನೂ ಆಗಿಲ್ಲ, ನೋಡೋಣ ಎಂದು ಹಲ್ಲು ಕಚ್ಚಿ ಹೇಳಿದ್ದು ನನಗೂ ಕೇಳಿಸಿತು.

ಸುಳ್ಳೇಕೆ ಹೇಳಲಿ, ಆ ಹೊತ್ತು ನಾನು ಅತ್ತಿಗೆಯನ್ನು ಮೆಚ್ಚಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಕೈಚೀಲವನ್ನು ನಾನು ಹೊತ್ತುಕೊಂಡೆ. ಮೂವರೂ ಒಟ್ಟಿಗೆ ಮನೆಗೆ ನಡೆದೆವು. ದಾರಿಯಲ್ಲಿ ದಿನಸಿ ಅಂಗಡಿಯವಳು ಏನು ವಿಶೇಷ ಎಂದಳು, ಅವಳಿಗೆ ಅಲ್ಲೇ ನಿಂತು ಎಲ್ಲ ಹೇಳಿದೆ. ನಮ್ಮಣ್ಣನ ಕೆಲಸದ ಹೆಸರು ಹಿಡಿದು, ಎದೆ ಉಬ್ಬಿಸಿ ಹೇಳಿದೆ. ಚೂಟಿ ಅಮ್ಮನ ಪಕ್ಕದಲ್ಲೇ ನಡೆಯುತ್ತಿದ್ದಳು.

ಅಣ್ಣ ಆಗಷ್ಟೇ ಎದ್ದು, ಮುಖ ತೊಳೆದು ಕೂತಿದ್ದ. ಇವತ್ತು ಮನೆಯಲ್ಲೇ ಊಟ ಮಾಡುತ್ತಾನಂತೆ ಎಂದು ಅಮ್ಮ ಮೊಟ್ಟೆ ಬೇಯಿಸುತ್ತಿದ್ದಳು. ನಾನೇ ಶುರು ಹಚ್ಚಿಕೊಂಡೆ. ಅಧಿಕಾರಿ ಕೂತ ಭಂಗಿ, ನರೆತ ತಲೆಯವನ ನಗು, ಅತ್ತಿಗೆಯ ಮಾತು, ಒಂದನ್ನೂ ಬಿಡಲಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಈಗ ಸರಿಹೋಯ್ತು ಎಂದಳು. ಚೂಟಿಯೂ ಕೂಡಿಕೊಂಡಳು, ಎಲ್ಲರ ಬಾಯಿ ಮುಚ್ಚಿಹೋಯ್ತು ಅಪ್ಪ ಎಂದಳು. ಅತ್ತಿಗೆ ಮಾತ್ರ ಗಂಡನ ಮುಖ ನೋಡುತ್ತ ನಿಂತಿದ್ದಳು. ಅವಳು ಅವನ ಒಂದು ಒಳ್ಳೆ ಮಾತಿಗೆ ಕಾಯುತ್ತಿದ್ದಳು, ಅದು ಎಂಥ ಕುರುಡರಿಗೂ ಕಾಣುತ್ತಿತ್ತು.

ಅಣ್ಣ ಪೂರ್ತಿ ಕೇಳಿಸಿಕೊಂಡ.

“ಎಷ್ಟು ಜನ ಇದ್ರು?” ಎಂದ.

“ಹಾಲ್ ತುಂಬಾ,” ಎಂದೆ ನಾನು, ಹೆಮ್ಮೆಯಿಂದ.

ಅವನು ಅತ್ತಿಗೆಯ ಕಡೆ ತಿರುಗಿದ. ದನಿ ಏರಿಸಲಿಲ್ಲ.

“ಅವತ್ತು ನನ್ನ ತೋರಿಸಿ ನಗಿಸಿದೆ. ಇವತ್ತು ತೋರಿಸಿ ಎಲ್ಲರ ಬಾಯಿ ಮುಚ್ಚಿಸಿದೆ. ನಾನು ಈ ಗೋಡೆ ಆಚೆಗೇ ಇದ್ದೆ. ತೋರಿಸಲಾ ಅಂತ ಒಂದು ಸಲನಾದ್ರೂ ನನ್ನ ಕೇಳಿದ್ಯಾ?”

ನಾನು ಅತ್ತಿಗೆಯ ಪರವಾಗಿ ಏನೋ ಹೇಳಲು ಬಾಯಿ ತೆರೆದೆ. ಅಂಗಡಿಯವಳ ನೆನಪಾಗಿ ಮುಚ್ಚಿಕೊಂಡೆ. ಅಮ್ಮ ಒಲೆ ಆರಿಸಿದಳು.

“ಇಲ್ಲ,” ಎಂದಳು ಅತ್ತಿಗೆ. “ಕೇಳಲಿಲ್ಲ.”

ಅಣ್ಣ ತಲೆಯಾಡಿಸಿದ, ಪಾಳಿಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಬೀದಿಯಲ್ಲಿ ಯಾರೋ ಅವನನ್ನು ತಡೆದು ನಿಲ್ಲಿಸಿ, ಶಾಲೆಯ ವಿಷಯ ಕೇಳುತ್ತಿರುವುದು ನಮಗೆ ಒಳಗಿನಿಂದಲೇ ಕೇಳಿಸುತ್ತಿತ್ತು.